ಪಿಎಚ್‌.ಡಿ. ಆಯಿತು; ಕಂಪನಿ ಜೊತೆಗೂಡಿ ಸಂಶೋಧನೆ ಹೇಗೆ?

ಕಿತ್ತೂರು ಬಳಿಯ ದೇಗಾಂವದಿಂದ ಹಿಡಿದು ಬೈಲಹೊಂಗಲ, ಸವದತ್ತಿ, ರಾಮದುರ್ಗದವರೆಗಿನ ಹುಡುಗ ಹುಡುಗಿಯರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲೋ ರಸಾಯನಶಾಸ್ತ್ರ ಓದುತ್ತಾರೆ. ಸಾವಯವ ಸಂಶ್ಲೇಷಣೆಯಲ್ಲಿ ಥೀಸಿಸ್ ಬರೆದವರಿಗೆ ಕಾಣುವುದು ಅತಿಥಿ ಉಪನ್ಯಾಸಕ ಹುದ್ದೆ, ಇಲ್ಲವೇ ಬೆಂಗಳೂರಿನ ಔಷಧ ಕಂಪನಿ. ಇವೆರಡನ್ನೂ ಬೆಸೆಯುವ ದಾರಿ, ಉದ್ಯಮದ ಜೊತೆಗಿನ ಪೋಸ್ಟ್‌ಡಾಕ್.

ಹುಡುಕಾಟವನ್ನು ಥೀಸಿಸ್ ಸಲ್ಲಿಸುವ ಒಂದು ವರ್ಷ ಮೊದಲೇ ಶುರು ಮಾಡಿ. ಸಿಂಜೀನ್, ಆರಿಜೀನ್, ಆಂಥೆಮ್‌ನಂಥ ಬೆಂಗಳೂರಿನ ಕಂಪನಿಗಳು ಪಿಎಚ್‌.ಡಿ. ಆದವರನ್ನು ಸಾಮಾನ್ಯವಾಗಿ ನೇರವಾಗಿ ವಿಜ್ಞಾನಿಗಳನ್ನಾಗಿಯೇ ತೆಗೆದುಕೊಳ್ಳುತ್ತವೆ. ಹಾಗಾಗಿ ಕಂಪನಿ ಹಣ ಕೊಟ್ಟ ಯೋಜನೆ ಯಾವ ಪ್ರಾಧ್ಯಾಪಕರ ಬಳಿ ಇದೆ ಎಂದು ಹುಡುಕುವುದು ಜಾಣತನ. ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಪುಣೆಯ ಎನ್‌ಸಿಎಲ್, ಹೈದರಾಬಾದಿನ ಐಐಸಿಟಿ ಪ್ರಾಧ್ಯಾಪಕರ ಇತ್ತೀಚಿನ ಪ್ರಬಂಧಗಳನ್ನು ತೆರೆದು, ಕೊನೆಯ ಕೃತಜ್ಞತೆಯ ಸಾಲುಗಳನ್ನು ಓದಿ. ಹಣ ಕೊಟ್ಟವರ ಹೆಸರು ಅಲ್ಲೇ ಇರುತ್ತದೆ. ಆಮೇಲೆ ಆ ಪ್ರಾಧ್ಯಾಪಕರಿಗೆ ನೇರವಾಗಿ ಪತ್ರ ಬರೆಯಿರಿ. ಒಂದೇ ಪತ್ರವನ್ನು ನೂರು ಜನಕ್ಕೆ ಕಳಿಸಬೇಡಿ.

ಪತ್ರದೊಂದಿಗೆ ಎರಡು ಪುಟದ ಸಂಶೋಧನಾ ಸಾರಾಂಶ ಇರಲಿ. ನನ್ನ ಪ್ರಕಾರ ಹೆಚ್ಚಿನವರು ಸೋಲುವುದು ಇಲ್ಲೇ. ನಲವತ್ತು ಸಂಯುಕ್ತಗಳ ಪಟ್ಟಿ ಕಂಪನಿಯವರ ಕಣ್ಣಿಗೆ ಬೀಳುವುದಿಲ್ಲ. ಒಂದೇ ಕ್ರಿಯೆಯನ್ನು ಆರಿಸಿ, ಅದು ಏಕೆ ಕೆಟ್ಟಿತು, ಹೇಗೆ ಸರಿಹೋಯಿತು, ಮಿಲಿಗ್ರಾಂನಿಂದ ಗ್ರಾಂಗೆ ಹೋದಾಗ ಏನಾಯಿತು ಎಂದು ಬರೆಯಿರಿ. ಉದಾಹರಣೆಗೆ ಸುಜುಕಿ ಜೋಡಣೆ. ನಮ್ಮ ಲ್ಯಾಬಿನಲ್ಲಿ ಇಳುವರಿ ಶೇ 90 ಬಂದರೆ ಸಂತೋಷ. ಔಷಧ ಕಂಪನಿಯವರು ಕೇಳುವುದು ವೇಗವರ್ಧಕದಿಂದ ಉಳಿದ ಪೆಲ್ಲೇಡಿಯಂ ಎಷ್ಟು ಎಂದು. ಬಾಯಿಯ ಮೂಲಕ ಸೇವಿಸುವ ಔಷಧದಲ್ಲಿ ದಿನಕ್ಕೆ 100 ಮೈಕ್ರೋಗ್ರಾಂ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಆ ಪೆಲ್ಲೇಡಿಯಂ ತೆಗೆದ ಬಗೆ, ಎಚ್‌ಪಿಎಲ್‌ಸಿ ಶುದ್ಧತೆ, ಕಾಲಮ್ ಇಲ್ಲದೆ ಹರಳುಗಟ್ಟಿಸಿದ ಪ್ರಯತ್ನ, ಕ್ರಿಯೆಯ ಶಾಖ ನಿಭಾಯಿಸಿದ ರೀತಿ ಇವೆಲ್ಲ ನಿಮ್ಮ ಬಲ. ಮಧುಮೇಹದ ಔಷಧ ಸಿಟಾಗ್ಲಿಪ್ಟಿನ್ ತಯಾರಿಕೆಯಲ್ಲಿ ಮರ್ಕ್ ಮತ್ತು ಕೊಡೆಕ್ಸಿಸ್ ಸೇರಿ ರೋಡಿಯಂ ವೇಗವರ್ಧಕದ ಜಾಗಕ್ಕೆ ಕಿಣ್ವವನ್ನು ತಂದದ್ದನ್ನು 2010ರಲ್ಲಿ ಪ್ರಕಟಿಸಿದವು. ಆ ಪ್ರಬಂಧ ಓದಿಕೊಂಡು ಸಂದರ್ಶನಕ್ಕೆ ಹೋಗಿ.

ಹಣದ ವಿಷಯ. ಕೇಂದ್ರದ ಯೋಜನೆಗಳ ರಿಸರ್ಚ್ ಅಸೋಸಿಯೇಟ್‌ಗೆ 2023ರ ಜನವರಿಯಿಂದ ತಿಂಗಳಿಗೆ 58,000 ರೂಪಾಯಿಯಿಂದ 67,000ದವರೆಗೆ, ಮನೆಬಾಡಿಗೆ ಭತ್ಯೆ ಬೇರೆ. ಕಂಪನಿ ಯೋಜನೆಯಲ್ಲಿ ಮೊತ್ತ ಬೇರೆಯಾಗಬಹುದು, ಕೇಳಲು ಸಂಕೋಚ ಬೇಡ. ಯುರೋಪಿಗೆ ಹೋಗುವವರು ಮೇರಿ ಕ್ಯೂರಿ ಫೆಲೋಶಿಪ್ ನೋಡಬೇಕು: ಅಲ್ಲಿ ಕಂಪನಿಯೇ ಆತಿಥೇಯ ಸಂಸ್ಥೆಯಾಗಬಹುದು. ಆದರೆ ಆತಿಥೇಯ ಸಂಸ್ಥೆ ಇರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಹೆಚ್ಚು ತಿಂಗಳು ನೆಲೆಸಿರಬಾರದು.

ಸಹಿ ಹಾಕುವ ಮುನ್ನ ಕರಾರನ್ನು ಪೂರ್ತಿ ಓದಿ. ಪ್ರಕಟಣೆಗೆ ಮುನ್ನ ಕಂಪನಿ ಎಷ್ಟು ದಿನ ಪರಿಶೀಲಿಸಬಹುದು, ಪೇಟೆಂಟಿನಲ್ಲಿ ನಿಮ್ಮ ಹೆಸರು ಬರುವುದೇ, ಯೋಜನೆ ಅರ್ಧಕ್ಕೆ ನಿಂತರೆ ಸಂಬಳ ಏನಾಗುತ್ತದೆ ಎಂಬ ಮೂರಕ್ಕೂ ಬರಹದಲ್ಲಿ ಉತ್ತರ ಪಡೆಯಿರಿ. ಎರಡು ವರ್ಷ ದುಡಿದು ಒಂದು ಪ್ರಬಂಧವೂ ಇಲ್ಲದೆ ಹೊರಬಂದರೆ ಮುಂದೆ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವಾಗ ಕಷ್ಟ. ಗೈಡ್ ಬಳಿ ಆ ಕಾಗದ ತೋರಿಸಿ, ಅವರ ಅಭಿಪ್ರಾಯ ಕೇಳಿದ ಮೇಲೆಯೇ ಒಪ್ಪಿಗೆ ಕೊಡಿ.