ಜಿಲ್ಲೆಯ ಮಳೆಯೂ ನಮ್ಮ ತೋಟದ ಮಳೆಯೂ



ಗೊಬ್ಬರಕ್ಕೋ ಮೈಲುತುತ್ತಕ್ಕೋ ಸಂಘದ ಕಛೇರಿಗೆ ಬರುವ ಸದಸ್ಯರು ಕುಳಿತುಕೊಳ್ಳುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಈ ಸಲ ಮಳೆ ಹೇಗಂತೆ, ಸೆಕ್ರೆಟರಿಗಳೆ?" ರೇಡಿಯೋದಲ್ಲಿ, ಪತ್ರಿಕೆಯಲ್ಲಿ, ಈಗ ಮೊಬೈಲಿನಲ್ಲಿ ಬರುವ ಮುನ್ಸೂಚನೆಯನ್ನು ನಾವೆಲ್ಲರೂ ನೋಡುತ್ತೇವೆ. ನಿಜವಾದರೆ ಮರೆಯುತ್ತೇವೆ, ತಪ್ಪಿದರೆ ಬೈಯುತ್ತೇವೆ. ಆದರೆ ಅದನ್ನು ನಮ್ಮ ತೋಟಕ್ಕೆ ಹೊಂದಿಸಿಕೊಳ್ಳುವ ಕ್ರಮವನ್ನು ಕಲಿತವರು ಕಡಿಮೆ. ನಾವೂ ಇದನ್ನು ನಷ್ಟಪಟ್ಟೇ ಕಲಿತೆವು.

ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳ ಒಂದು ಸಂಜೆ ಗುಡುಗುಮಳೆ ಬಂತು. ಮರುದಿನ ಪೇಟೆಯಲ್ಲಿ ಎಲ್ಲರೂ "ಒಂದು ಇಂಚು ಆಗಿದೆ" ಎಂದರು. ನಮ್ಮಲ್ಲಿಯೂ ಅಷ್ಟೇ ಆಗಿರಬೇಕೆಂದು ನಂಬಿ, ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕದೆ, ಡೀಸೆಲ್ ಉಳಿಯಿತೆಂದು ಸಂತೋಷಪಟ್ಟೆವು. ಎಂಟನೆಯ ದಿನ ಗುಡ್ಡದಾಚೆಯ ತೋಟ ಬೆಳ್ಳಗೆ ಅರಳಿ ನಿಂತಿತ್ತು. ನಮ್ಮ ಗಿಡಗಳಲ್ಲಿ ಮೊಗ್ಗು ಅರೆಬರೆ ಉಬ್ಬಿ, ಕೆಂಪಾಗಿ, ಒಣಗತೊಡಗಿತ್ತು. ನಮ್ಮ ಮಗ್ಗುಲಿನಲ್ಲೇ ಮಳೆಮಾಪಕ ಇಟ್ಟಿದ್ದ ನೆರೆಯವರ ಪುಸ್ತಕ ನೋಡಿದಾಗ ಆ ದಿನ ಬಿದ್ದದ್ದು 40 ಸೆಂಟು ಮಾತ್ರ ಎಂದು ತಿಳಿಯಿತು. ಉಳಿದ 60 ಸೆಂಟನ್ನು ನಾವು ಪೇಟೆಯ ಮಾತಿನ ಮೇಲೆ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆವು. ಆ ಭಾಗದ ಫಸಲು ಆ ವರ್ಷ ಅರ್ಧಕ್ಕಿಳಿಯಿತು.

ಮುನ್ಸೂಚನೆಯ ಮಾತುಗಳು

ಭಾರತ ಹವಾಮಾನ ಇಲಾಖೆ ಬಳಸುವ ಮಾತುಗಳಿಗೆ ಖಚಿತವಾದ ಅರ್ಥವಿದೆ. "ಒಂದೆರಡು ಕಡೆ ಮಳೆ" ಎಂದರೆ ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲುಭಾಗಕ್ಕೆ ಮಳೆ. "ಕೆಲವು ಕಡೆ" ಎಂದರೆ ಅರ್ಧದವರೆಗೆ, "ಹಲವು ಕಡೆ" ಎಂದರೆ ಮುಕ್ಕಾಲುಭಾಗದವರೆಗೆ, "ಬಹುತೇಕ ಕಡೆ" ಎಂದರೆ ಅದಕ್ಕೂ ಮೇಲೆ. ಆದುದರಿಂದ ಬೇಸಗೆಯ ಗುಡುಗುಮಳೆಯ ಕಾಲದಲ್ಲಿ "ಒಂದೆರಡು ಕಡೆ" ಎಂಬ ಮುನ್ಸೂಚನೆ ಪೂರ್ತಿ ನಿಜವಾದರೂ ನಮ್ಮ ತೋಟಕ್ಕೆ ಹನಿ ಬೀಳದಿರಬಹುದು. ಅದು ಇಲಾಖೆಯ ತಪ್ಪಲ್ಲ.

ಮಳೆಯ ಪ್ರಮಾಣಕ್ಕೂ ಹೀಗೆಯೇ. 24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದರೆ "ಭಾರೀ ಮಳೆ", 115.6 ಮುಟ್ಟಿದರೆ "ಅತಿ ಭಾರೀ", 204.5 ಮುಟ್ಟಿದರೆ "ಅತ್ಯಂತ ಭಾರೀ". ಹಳದಿ ಬಣ್ಣ ಗಮನವಿಡಿ ಎಂದೂ, ಕಿತ್ತಳೆ ಸಿದ್ಧರಾಗಿರಿ ಎಂದೂ, ಕೆಂಪು ಕೂಡಲೇ ಕ್ರಮ ಕೈಗೊಳ್ಳಿ ಎಂದೂ ಸೂಚಿಸುತ್ತದೆ. ನಮ್ಮ ಹಿರಿಯರ ಇಂಚು-ಸೆಂಟಿನ ಲೆಕ್ಕದಲ್ಲಿ ಒಂದು ಇಂಚು ಎಂದರೆ 25.4 ಮಿ.ಮೀ., ಒಂದು ಸೆಂಟು ಎಂದರೆ ಸುಮಾರು ಕಾಲು ಮಿ.ಮೀ.

ಮಲೆನಾಡಿನಲ್ಲಿ ಮಳೆ ಎಷ್ಟು ಬೇಗ ಬದಲಾಗುತ್ತದೆ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಹೀಗಿರುವಾಗ ಇಡೀ ಜಿಲ್ಲೆಗೆ ಹೇಳಿದ ಒಂದು ಮಾತು ಪ್ರತಿಯೊಬ್ಬರ ತೋಟಕ್ಕೂ ಹೊಂದುವುದಾದರೂ ಹೇಗೆ? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಅಳವಡಿಸಿರುವುದು ದೊಡ್ಡ ಅನುಕೂಲ. ಆದರೆ ಒಂದೇ ಪಂಚಾಯಿತಿಯಲ್ಲಿ ಗುಡ್ಡದ ಈ ಮಗ್ಗುಲು ಬೇರೆ, ಆ ಮಗ್ಗುಲು ಬೇರೆ. ಕೊನೆಯ ಲೆಕ್ಕ ನಮ್ಮ ಅಂಗಳದಲ್ಲೇ ಆಗಬೇಕು.

ಮಳೆಮಾಪಕ ಇಡುವ ಕ್ರಮ

ಕೊಂಡು ತಂದರೆ ಒಳ್ಳೆಯದು. ಇಲ್ಲವಾದರೆ ಬಾಯಿಯ ಅಡ್ಡಳತೆ 16 ಸೆಂ.ಮೀ. ಇರುವ ಒಂದು ಆಲಿಕೆಯನ್ನು 5 ಲೀಟರಿನ ಕ್ಯಾನಿಗೆ ಕೂರಿಸಿರಿ. ಇದರ ಬಾಯಿಯ ವಿಸ್ತೀರ್ಣ ಸುಮಾರು 200 ಚದರ ಸೆಂ.ಮೀ. ಆಗುವುದರಿಂದ, ಸಂಗ್ರಹವಾದ ಪ್ರತಿ 20 ಮಿಲಿಲೀಟರ್ ನೀರಿಗೆ 1 ಮಿ.ಮೀ. ಮಳೆ. ಅರ್ಧ ಲೀಟರ್ ತುಂಬಿದರೆ 25 ಮಿ.ಮೀ., ಅಂದರೆ ಹೆಚ್ಚುಕಡಿಮೆ ಒಂದು ಇಂಚು. ಸಣ್ಣ ಬಾಟಲಿ ಸಾಲದು. ಆಷಾಢದಲ್ಲಿ ಒಂದೇ ರಾತ್ರಿ 200 ಮಿ.ಮೀ. ಸುರಿದರೆ 4 ಲೀಟರ್ ನೀರು ಬೀಳುತ್ತದೆ.

ಇದನ್ನು ಕಣದ ಅಂಚಿನಂತಹ ಬಯಲಿನಲ್ಲಿ ಅಲುಗಾಡದಂತೆ, ಬಾಯಿ ಮಟ್ಟವಾಗಿರುವಂತೆ ಇಡಬೇಕು. ಹತ್ತಿರದ ಮರ ಅಥವಾ ಮಾಡಿನ ಎತ್ತರದ ಎರಡರಷ್ಟು ದೂರವಿರಬೇಕು. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು, ಅಳೆದ ದಿನದ ತಾರೀಖಿಗೇ ಬರೆಯತಕ್ಕದ್ದು. ಇಲಾಖೆಯ ಲೆಕ್ಕವೂ ಇದೇ ಹೊತ್ತಿನದಾದ್ದರಿಂದ ಎರಡನ್ನೂ ಹೋಲಿಸಬಹುದು. ಮಳೆ ಇಲ್ಲದ ದಿನ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ಮಳೆ ಇರಲಿಲ್ಲವೋ, ನಾವು ಅಳೆಯಲಿಲ್ಲವೋ ತಿಳಿಯುವುದಿಲ್ಲ.

ಕಾಫಿಗೆ

ಹೂಮಳೆ 25ರಿಂದ 40 ಮಿ.ಮೀ. ಬಿದ್ದರೆ ಮೊಗ್ಗು ಚೆನ್ನಾಗಿ ಅರಳುತ್ತದೆ. ಕಡಿಮೆ ಬಿದ್ದಿದ್ದರೆ, ನೀರಿನ ಅನುಕೂಲ ಇರುವವರು ಒಂದೆರಡು ದಿನದೊಳಗೆ ಕೊರತೆಯನ್ನು ಸ್ಪ್ರಿಂಕ್ಲರಿನಿಂದ ತುಂಬಬೇಕು. ಎಕರೆಗೆ ಒಂದು ಇಂಚು ನೀರು ಎಂದರೆ 1 ಲಕ್ಷ ಲೀಟರಿಗೂ ಹೆಚ್ಚು. ಕೊರತೆ ಎಷ್ಟೆಂದು ತಿಳಿಯದೆ ಪಂಪು ನಡೆಸಿದರೆ ಕೆರೆಯೂ ಬರಿದು, ಡೀಸೆಲೂ ಖಾಲಿ. ರೊಬಸ್ಟಾ ಹೂ ಪರಾಗ ಬೇರೆ ಗಿಡದಿಂದ ಬಂದರೆ ಮಾತ್ರ ಕಾಯಿಕಚ್ಚುವ ಜಾತಿ. ಅರಳಿದ ದಿನ ನಾವಾಗಿ ನೀರು ಹಾರಿಸಬಾರದು. ಹೂಮಳೆಯಾದ 15-20 ದಿನಗಳಲ್ಲಿ ಬ್ಯಾಕಿಂಗ್ ಮಳೆ ಬಂತೋ ಇಲ್ಲವೋ ಎಂಬುದನ್ನೂ ಪುಸ್ತಕವೇ ನೆನಪಿಸುತ್ತದೆ.

ಅಡಿಕೆಗೆ

ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಮುಂಗಾರು ಹಿಡಿಯುವ ಮೊದಲು ಒಮ್ಮೆ, 40-45 ದಿನಗಳ ಮೇಲೆ ಮತ್ತೊಮ್ಮೆ ಹೊಡೆಯಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ತೊಂದರೆ ಇರುವುದು "ಮೊದಲು" ಎಂಬ ಮಾತಿನಲ್ಲಿ. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೆ. ನಡುವೆ 15 ದಿನಗಳ ಅಂತರ. ರೋಹಿಣಿ, ಮೃಗಶಿರಾ ಎಂಬ ಹಿರಿಯರ ಮಳೆ ನಕ್ಷತ್ರಗಳು ಬಹುಕಾಲದ ಅನುಭವದ ಸರಾಸರಿಯನ್ನು ಹೇಳುತ್ತವೆ, ಅವನ್ನು ಕಡೆಗಣಿಸಬೇಕಾಗಿಲ್ಲ. ಆದರೆ ಮೃಗಶಿರಾ ಹುಟ್ಟಲಿ ಎಂದು ಕಾದವರಿಗೆ 2025ರಂತಹ ವರ್ಷದಲ್ಲಿ ಮರ ಹತ್ತಲು ಬಿಡುವೇ ಸಿಗದು. ಮೇ ಮಧ್ಯದೊಳಗೆ ಮೈಲುತುತ್ತ, ಸುಣ್ಣ, ಕೊನೆಗಾರ ಮೂರನ್ನೂ ಗೊತ್ತುಮಾಡಿಟ್ಟು ಮುನ್ಸೂಚನೆ ನೋಡುತ್ತಿರಬೇಕು. ದ್ರಾವಣ ಗೊನೆಯ ಮೇಲೆ ಒಣಗಿ ಅಂಟಿಕೊಳ್ಳಲು ಕೆಲವು ಗಂಟೆಗಳ ಬಿಡುವು ಬೇಕು. ಮಧ್ಯಾಹ್ನದ ಮೇಲೆ ಗುಡುಗುವ ದಿನಗಳಲ್ಲಿ ಬೆಳಿಗ್ಗೆಯೇ ಕೆಲಸ ಮುಗಿಸಬೇಕು. ಮೊದಲ ಸಿಂಪಡಣೆಯ ದಿನವನ್ನು ಮಳೆ ಪುಸ್ತಕದಲ್ಲೇ ಬರೆದಿಟ್ಟರೆ ಎರಡನೆಯದರ ಗಡುವು ತಪ್ಪುವುದಿಲ್ಲ.

ಗೊಬ್ಬರಕ್ಕೂ ಇದೇ ಮಾತು. ಮಣ್ಣು ಹಸಿಯಾಗಿರಬೇಕು, ಆದರೆ ಭಾರೀ ಮಳೆಯ ಮುನ್ಸೂಚನೆ ಇರುವಾಗ ಹಾಕಿದ ಯೂರಿಯಾ ಹಳ್ಳದ ಪಾಲು.

ಕೊಯ್ಲಿಗೆ

2021ರ ನವೆಂಬರಿನ ಅಕಾಲಿಕ ಮಳೆಯನ್ನು ಮಲೆನಾಡಿನವರೂ ಕೊಡಗಿನವರೂ ಮರೆಯಲಾರರು. ಹಣ್ಣಾದ ಕಾಫಿ ಗಿಡದಲ್ಲೇ ಒಡೆದು ಉದುರಿತು, ಕಣದಲ್ಲಿದ್ದದ್ದು ಬೂಷ್ಟು ಹಿಡಿಯಿತು. ಅಂತಹ ಮಳೆಯನ್ನು ತಡೆಯುವುದು ಯಾರಿಂದಲೂ ಆಗದು. ಆದರೆ ಎರಡು ದಿನ ಮೊದಲು ತಿಳಿದರೆ ಕಣದಲ್ಲಿರುವುದನ್ನು ಒಳಗೆ ಸೇರಿಸಬಹುದು, ಬೇಯಿಸಲಿರುವ ಅಡಿಕೆಯ ಕೊಯ್ಲನ್ನು ಮುಂದೂಡಬಹುದು. ಕೃಷಿ ವಿಶ್ವವಿದ್ಯಾಲಯಗಳ ಹವಾಮಾನ ಘಟಕಗಳು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೊರಡಿಸುವ ಸಲಹೆಯನ್ನು ಈ ತಿಂಗಳುಗಳಲ್ಲಿ ತಪ್ಪದೆ ನೋಡತಕ್ಕದ್ದು.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಎರಡೆಕರೆಯವರಿರಲಿ ಇಪ್ಪತ್ತೆಕರೆಯವರಿರಲಿ, ಮನೆಗೊಂದು ಮಳೆಮಾಪಕ, ಒಂದು ನೋಟುಪುಸ್ತಕ ಇಡಿರಿ. ಪುಸ್ತಕದಲ್ಲಿ ಒಂದು ಕಡೆ ಹಿಂದಿನ ದಿನದ ಮುನ್ಸೂಚನೆ, ಪಕ್ಕದಲ್ಲಿ ಬಿದ್ದ ಮಳೆ ಬರೆಯಿರಿ. ಎರಡು ಮೂರು ವರ್ಷಗಳಲ್ಲಿ ಯಾವ ಮುನ್ಸೂಚನೆಗೆ ನಮ್ಮ ಮಗ್ಗುಲಿನಲ್ಲಿ ಎಷ್ಟು ಮಳೆ ಬೀಳುತ್ತದೆಂಬ ಅಂದಾಜು ತಾನಾಗಿ ಸಿಗುತ್ತದೆ. ಮನೆಯ ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ವಹಿಸಿದರೆ ಅವರು ನಮಗಿಂತ ಶ್ರದ್ಧೆಯಿಂದ ಮಾಡುತ್ತಾರೆ. ತಿಂಗಳಿಗೊಮ್ಮೆ ಸಂಘಕ್ಕೆ ಬರುವಾಗ ಪುಸ್ತಕವನ್ನೂ ತನ್ನಿರಿ. ಎಲ್ಲ ಊರುಗಳ ಲೆಕ್ಕವನ್ನು ಒಂದೆಡೆ ಬರೆದಿಡುವ ಏರ್ಪಾಡನ್ನು ಕಛೇರಿಯಲ್ಲಿ ಮಾಡುತ್ತೇವೆ. ಮುಂದಿನ ಸಲ "ಮಳೆ ಹೇಗಂತೆ" ಎಂದು ತಾವು ಕೇಳಿದಾಗ, ತಮ್ಮ ಪುಸ್ತಕವನ್ನೇ ತೆರೆದು ಒಟ್ಟಿಗೆ ನೋಡೋಣ.