ಗಾಯ ಕಟ್ಟಿದರೆ ಸಾಕೇ?



ಹಳ್ಳಿಗಳ ಸಭೆಯಲ್ಲಿ ಆರೋಗ್ಯದ ವಿಷಯ ತೆಗೆದರೆ ನಾವು ಹೆಚ್ಚಾಗಿ ಕೇಳುವ ಮಾತು ಇದು: "ದವಾಖಾನಿ ಐತ್ರಿ ಸಿಸ್ಟರ್, ಆದ್ರ ಹೋದಾಗ ಗುಳಗಿ ಇರಂಗಿಲ್ಲ." ಕಟ್ಟಡ ಇದ್ದೂ ಔಷಧಿ ಇಲ್ಲದಿದ್ದರೆ ಅದು ವೈದ್ಯಕೀಯದ ಕೊರತೆಯಲ್ಲ, ಆಡಳಿತದ ಕೊರತೆ.

ಸಂತ ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬರುವ ಸಮಾರಿತನನ್ನು ನೆನೆಯೋಣ. ಆತ ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿದ್ದು ನಮಗೆಲ್ಲ ಗೊತ್ತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ, ರೋಗಿಯ ಹೊಣೆ ಒಪ್ಪಿಸಿದ, ಮರಳಿ ಬರುವಾಗ ಉಳಿದ ಲೆಕ್ಕ ತೀರಿಸುತ್ತೇನೆಂದ. ಹಣ, ಹೊಣೆ, ಮರಳಿ ಬಂದು ನೋಡುವುದು: ಸಾರ್ವಜನಿಕ ಆರೋಗ್ಯ ಆಡಳಿತವೆಂದರೆ ಈ ಮೂರೇ.

ಒಂದು ಜೀವನ

ಡಾ. ಎಚ್. ಸುದರ್ಶನ್ ಬಾಲಕರಾಗಿದ್ದಾಗಲೇ ಅವರ ತಂದೆ ಹಳ್ಳಿಯಲ್ಲಿ ಚಿಕಿತ್ಸೆ ಸಿಗದೆ ತೀರಿಕೊಂಡರು. ಮುಂದೆ ವೈದ್ಯರಾಗಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ಹೆಚ್ಚಾಗಿತ್ತು. ಅದರ ನಿವಾರಣೆಗಾಗಿ 1986ರಲ್ಲಿ ಕರುಣಾ ಟ್ರಸ್ಟ್ ಆರಂಭವಾಯಿತು.

1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಈ ಟ್ರಸ್ಟಿಗೆ ಒಪ್ಪಿಸಿತು. ಕೇಂದ್ರ ಸರ್ಕಾರದ್ದೇ, ನಡೆಸುವ ಹೊಣೆ ಮಾತ್ರ ಸಂಸ್ಥೆಯದು. ಹೊಣೆ ಯಾರದೆಂದು ಸ್ಪಷ್ಟವಾದರೆ ಹಳ್ಳಿಯ ದವಾಖಾನೆಯೂ ನಡೆಯುತ್ತದೆ ಎಂಬುದು ಇದರ ಪಾಠ.

1999ರ ಕೊನೆಯಲ್ಲಿ ರಾಜ್ಯ ಸರ್ಕಾರ ನೇಮಿಸಿದ ಆರೋಗ್ಯ ಕಾರ್ಯಪಡೆಗೆ ಅವರೇ ಅಧ್ಯಕ್ಷರಾದರು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೀನ್ ಆಗಿದ್ದ ಡಾ. ಸಿ. ಎಂ. ಫ್ರಾನ್ಸಿಸ್ ಕೂಡ ಸದಸ್ಯರಾಗಿದ್ದರು. 2001ರ ವರದಿ ಭ್ರಷ್ಟಾಚಾರವನ್ನು, ಸಾರ್ವಜನಿಕ ಆರೋಗ್ಯದ ಕಡೆಗಣನೆಯನ್ನು ಮುಚ್ಚಿಡದೆ ಹೇಳಿತು. ವರದಿ ಕೊಟ್ಟು ಸುಮ್ಮನೆ ಕೂಡಲಿಲ್ಲ. ಲೋಕಾಯುಕ್ತ ನ್ಯಾ. ಎನ್. ವೆಂಕಟಾಚಲ ಅವರ ಕಾಲದಲ್ಲಿ ಆರೋಗ್ಯ ವಿಭಾಗದ ಜಾಗೃತ ನಿರ್ದೇಶಕರಾಗಿ, ಆಸ್ಪತ್ರೆಗಳ ಲಂಚ, ಅವ್ಯವಹಾರಗಳ ಮೇಲೆ ಕಣ್ಣಿಟ್ಟರು. ಸಮಾರಿತನ ಮೂರನೇ ಕೆಲಸವೂ ಇದೇ ಅಲ್ಲವೇ?

ನಮ್ಮೂರಿಗೆ ಏನು?

2009ರಲ್ಲೂ 2019ರಲ್ಲೂ ಮಲಪ್ರಭೆ ಉಕ್ಕಿದ್ದನ್ನು ಹೊಳೆಆಲೂರಿನ ಕಡೆಯವರು ಮರೆತಿಲ್ಲ. ನೀರು ಇಳಿದ ಮೇಲೆ ವಾಂತಿ-ಭೇದಿ, ಕಾಮಣಿ ಕಾಡುವ ಭಯ ಇರುತ್ತದೆ. ಆಗ ಸಲೈನ್ ಹಚ್ಚುವುದು ಚಿಕಿತ್ಸೆ. ಯಾವ ನೀರಿನ ಟಾಕಿಗೆ ಬ್ಲೀಚಿಂಗ್ ಪುಡಿ ಯಾರು ಹಾಕಬೇಕು, ಬಾಣಂತಿಯರನ್ನು ಎಲ್ಲಿಗೆ ಸಾಗಿಸಬೇಕು ಎಂದು ಮಳೆಗಾಲಕ್ಕೆ ಮುಂಚೆಯೇ ಗೊತ್ತುಮಾಡುವುದು ಆಡಳಿತ. ಎರಡನೆಯದು ಸರಿಯಾದರೆ ಮೊದಲನೆಯದರ ಅಗತ್ಯ ಕಡಿಮೆಯಾಗುತ್ತದೆ.

ಇದು ದೊಡ್ಡವರ ಕೆಲಸ ಅಂತ ಕೈಕಟ್ಟಿ ಕೂಡಬೇಡಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ಪಂಚಾಯಿತಿ ಸದಸ್ಯರ, ಆಶಾ ಕಾರ್ಯಕರ್ತೆಯ ಜೊತೆ ಊರ ಹೆಣ್ಣುಮಕ್ಕಳಿಗೂ ಜಾಗವಿದೆ. ದವಾಖಾನೆಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಅಲ್ಲಿ ಕುಳಿತು ಲೆಕ್ಕ ಕೇಳುವುದು ಜಗಳವಲ್ಲ, ಸೇವೆ. ಆದರೆ ಹಗಲು-ರಾತ್ರಿ ದುಡಿಯುವ ನರ್ಸಮ್ಮನ ಮೇಲೆ ಸಿಟ್ಟು ತೀರಿಸಬೇಡಿ. ಗುಳಗಿ ಬರದಿದ್ದುದು ಆಕೆಯ ತಪ್ಪಲ್ಲದಿರಬಹುದು.

ಸಂಘದಲ್ಲಿ ಚರ್ಚಿಸಿರಿ

1. ನಮ್ಮೂರ ಸಮಿತಿಯ ಸದಸ್ಯರು ಯಾರು? ಕೊನೆಯ ಸಭೆ ಯಾವಾಗ ಆಯಿತು?
2. ಕುಡಿಯುವ ನೀರಿನ ಟಾಕಿ ತೊಳೆದು ಎಷ್ಟು ದಿನವಾಯಿತು?
3. ಹೊಳೆ ಬಂದರೆ ಮೊದಲು ಯಾರನ್ನು ಸಾಗಿಸಬೇಕು? ಹೆಸರು ಬರೆದಿಟ್ಟಿದ್ದೇವೆಯೇ?

ಈ ತಿಂಗಳ ಕೆಲಸ: ಇಬ್ಬರು ಸದಸ್ಯರು ಆಶಾ ಅಕ್ಕನ ಜೊತೆ ಹೋಗಿ ಉತ್ತರ ತಿಳಿದು, ಸಂಘದ ವಹಿಯಲ್ಲಿ ಬರೆಯಿರಿ. ಮುಂದಿನ ತಿಂಗಳು ಮತ್ತೆ ಹೋಗಿ ನೋಡಿರಿ. ಮರಳಿ ಬಂದು ನೋಡುವವರು ಇದ್ದಾರೆಂದು ಗೊತ್ತಾದರೆ ಅರ್ಧ ಕೆಲಸ ಆದಂತೆಯೇ.