ಮುಸ್ಸಂಜೆಯ ರಸ್ತೆಯೂ ನಮ್ಮ ಕಣ್ಣೂ

ಹೆಬ್ಬಾಳದಿಂದ ಯಲಹಂಕ, ಹುಣಸಮಾರನಹಳ್ಳಿ, ಚಿಕ್ಕಜಾಲಗಳ ಮೇಲೆ ಹಾದುಹೋಗುವ ಬಳ್ಳಾರಿ ರಸ್ತೆಯನ್ನು ನಮ್ಮ ಹಿರಿಯರು ಎತ್ತಿನ ಗಾಡಿಯ ಕಾಲದಲ್ಲಿ ಕಂಡವರು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಇಲ್ಲಿ ಓಡುವ ವಾಹನಗಳ ಸಂಖ್ಯೆಯೂ ವೇಗವೂ ಬೇರೆಯೇ ಆದುವು. ಒಂದು ಬದಿಗೆ ಮನೆ, ಇನ್ನೊಂದು ಬದಿಗೆ ಹೊಲವೋ ಹಾಲಿನ ಡೈರಿಯೋ ಇರುವವರು ದಿನವೂ ಇದನ್ನು ದಾಟಬೇಕಾಗಿದೆ.

"ನೋಡಿಕೊಂಡೇ ದಾಟಿದೆ, ಗಾಡಿ ಎಲ್ಲಿಂದ ಬಂತೋ ತಿಳಿಯಲಿಲ್ಲ" ಎಂದು ಪೆಟ್ಟು ತಿಂದವರು ಹೇಳುವುದುಂಟು. ಕೇಳಿದವರು ನಂಬುವುದಿಲ್ಲ. ಆದರೆ ಮನಶ್ಶಾಸ್ತ್ರವನ್ನು ಕೇಳಿದರೆ, ಆ ಮಾತು ಪೂರ್ತಿ ನಿಜವಿರಬಹುದೆಂದು ಅದು ಹೇಳುತ್ತದೆ.

ನೋಡುವುದರಲ್ಲಿ ಎರಡು ಕೆಲಸಗಳಿವೆ. ಕಣ್ಣಿನ ಒಳಪರದೆಯ ಮೇಲೆ ಲಾರಿಯ ಒಂದು ಪುಟ್ಟ ಬಿಂಬ ಬೀಳುತ್ತದೆ. ಇದು ಇಂದ್ರಿಯದ ಕೆಲಸ. ಅದು ಲಾರಿ, ಇಷ್ಟು ದೂರದಲ್ಲಿದೆ, ಇಷ್ಟು ವೇಗದಲ್ಲಿ ಬರುತ್ತಿದೆ ಎಂಬ ಎಣಿಕೆ ಮನಸ್ಸಿನದು. ಇದಕ್ಕೆ ಗ್ರಹಿಕೆಯೆಂದು ಹೆಸರು. ಇದು ಹೊಸ ಶಾಸ್ತ್ರವೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. (1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರವನ್ನು ತೆರೆದವರೂ ಅವರೇ.)

ಈಗ ಲೆಕ್ಕಕ್ಕೆ ಬನ್ನಿ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅದು ನೇರವಾಗಿ ನಿಮ್ಮ ಕಡೆಗೇ ಬರುವಾಗ ಪಕ್ಕಕ್ಕೆ ಸರಿಯುವುದು ಕಾಣುವುದಿಲ್ಲ. ದೊಡ್ಡದಾಗುತ್ತ ಬರುವುದೊಂದೇ ಗುರುತು. 200 ಮೀಟರಿನಿಂದ 100 ಮೀಟರಿಗೆ ಬರುವಷ್ಟರಲ್ಲಿ ಬಿಂಬ ಇಮ್ಮಡಿಯಾಗುತ್ತದೆ. ಅದಕ್ಕೆ ಸುಮಾರು ನಾಲ್ಕೂವರೆ ಸೆಕೆಂಡು ಬೇಕು. ಮುಂದಿನ ಇಮ್ಮಡಿಗೆ ಅದರ ಅರ್ಧ ಸಾಕು. 50 ಮೀಟರಿನಿಂದ 25ಕ್ಕೆ ಬರಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೆ. ಆದುದರಿಂದ ದೂರದ ಕಾರು ಮೊದಲು ನಿಂತಂತೆಯೇ ತೋರಿ, ಕಡೆಗೆ ಒಮ್ಮೆಲೇ ಮೈಮೇಲೆ ಬಂದಂತಾಗುತ್ತದೆ. ಈ ಹಿಗ್ಗುವಿಕೆಯನ್ನು ಗುರುತಿಸುವ ಶಕ್ತಿ ಚಿಕ್ಕ ಮಕ್ಕಳಿಗೆ ದೊಡ್ಡವರಿಗಿಂತಲೂ ಕಡಮೆ. ಹುಡುಗರು ಹುಡುಗಾಟಿಕೆಯಿಂದ ಓಡಿದರೆಂದು ನಾವು ಗದರಿಸುತ್ತೇವೆ. ಎಷ್ಟೋ ವೇಳೆ ಅವರಿಗೆ ವೇಗವೇ ಕಂಡಿರುವುದಿಲ್ಲ.

ವಾಹನದ ಗಾತ್ರವೂ ಮೋಸ ಮಾಡುತ್ತದೆ. ದೊಡ್ಡ ವಸ್ತು ಇರುವುದಕ್ಕಿಂತ ನಿಧಾನವಾಗಿ ಚಲಿಸುವಂತೆ ತೋರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲೈಬೊವಿಟ್ಜ್ 1985ರಲ್ಲಿ ರೈಲ್ವೆ ಗೇಟುಗಳ ಅಪಘಾತಗಳಿಗೆ ಇದೂ ಒಂದು ಕಾರಣವೆಂದು ಸೂಚಿಸಿದರು. ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೂ ಚಿಕ್ಕಬಳ್ಳಾಪುರದ ಕಡೆಗೂ ಹೋಗುವ ಹಳಿಗಳನ್ನು ಕಂಡಕಂಡಲ್ಲಿ ದಾಟುವವರು ಇದನ್ನು ನೆನೆಯಬೇಕು. ಮೋಟಾರು ಸೈಕಲಿನದು ಬೇರೆ ತೊಂದರೆ: ಗಾತ್ರ ಚಿಕ್ಕದಾದ್ದರಿಂದ ದೂರದಲ್ಲಿರುವಂತೆ ತೋರುತ್ತದೆ. ರಾತ್ರಿ ಅದರ ಒಂಟಿ ದೀಪದಿಂದ ಅಂತರವನ್ನು ಅಳೆಯುವುದು ಇನ್ನೂ ಕಷ್ಟ.

ಕಿವಿಯ ಸಹಾಯವೂ ಅರ್ಧಂಬರ್ಧ. ಯಲಹಂಕದ ವಾಯುಸೇನಾ ನೆಲೆಯಲ್ಲಿ 1996ರಿಂದ ನಡೆದುಬಂದಿರುವ ವೈಮಾನಿಕ ಪ್ರದರ್ಶನವನ್ನು ನೋಡಿದವರಿಗೆ ಗೊತ್ತು, ಸದ್ದು ಬಂದ ಕಡೆಗೆ ತಲೆಯೆತ್ತಿದರೆ ವಿಮಾನ ಆಗಲೇ ಮುಂದೆ ಹೋಗಿರುತ್ತದೆ. ರಸ್ತೆಯ ಮೇಲೆ ಶಬ್ದ ಅಷ್ಟು ತಡವಾಗದು. ಆದರೆ ವಿದ್ಯುತ್ತಿನ ಸ್ಕೂಟರು, ಕಾರುಗಳಿಗೆ ಸದ್ದೇ ಕಡಮೆ.

ಇವೆಲ್ಲವೂ ಹಗಲಿನ ಮಾತು. ಚಳಿಗಾಲದಲ್ಲಿ ಸಂಜೆಯ ಹಾಲು ಕೊಟ್ಟು ಬರುವಷ್ಟರಲ್ಲಿ ಕತ್ತಲು ಕವಿದಿರುತ್ತದೆ. ಕಣ್ಣಿನಲ್ಲಿ ಬಣ್ಣ ಕಾಣುವ ಜೀವಕಣಗಳು ಬೇರೆ, ಮಂದ ಬೆಳಕಿಗೆ ಒದಗುವ ಜೀವಕಣಗಳು ಬೇರೆ. ಎರಡನೆಯವು ಪೂರ್ತಿ ಕೆಲಸಕ್ಕೆ ಬರಲು ಅರ್ಧ ಗಂಟೆಯಾದರೂ ಬೇಕು. ಒಂದು ಹೆಡ್‌ಲೈಟು ಕಣ್ಣಿಗೆ ಹೊಡೆದರೆ ಗಳಿಸಿದ್ದು ಬಹುಪಾಲು ಹೋಯಿತು. ಅವುಗಳಿಗೆ ಕೆಂಪು ಬಣ್ಣ ಸರಿಯಾಗಿ ಕಾಣುವುದಿಲ್ಲ. 1825ರಲ್ಲಿ ಬೊಹೀಮಿಯದ ವಿಜ್ಞಾನಿ ಪುರ್ಕಿನ್ಯೆ ಇದನ್ನು ವಿವರಿಸಿದರು. ನಿಮ್ಮ ತೋಟದಲ್ಲೇ ನೋಡಬಹುದು: ಹೊತ್ತು ಮುಳುಗಿದ ಮೇಲೆ ಕೆಂಪು ಗುಲಾಬಿ ಕಪ್ಪಾಗುತ್ತದೆ, ಎಲೆ ಇನ್ನೂ ಸ್ವಲ್ಪ ತಿಳಿಯಾಗಿಯೇ ಇರುತ್ತದೆ. ಕೆಂಪು ಸೀರೆಯ ಗತಿಯೂ ಅದೇ. ಹೆಗಲ ಮೇಲೊಂದು ಬಿಳಿಯ ಟವಲು, ಕೈಯಲ್ಲೊಂದು ಟಾರ್ಚು ಇರಲಿ.

ಇನ್ನೊಂದು ತಪ್ಪೆಣಿಕೆ ಎಲ್ಲಕ್ಕಿಂತ ಅಪಾಯಕರ. ಬರುವ ಕಾರಿನ ದೀಪ ನಮಗೆ ಬಹುದೂರದಿಂದ ಕಾಣುತ್ತದೆ. ಹಾಗೆಯೇ ನಾವೂ ಚಾಲಕನಿಗೆ ಕಂಡಿದ್ದೇವೆಂದು ಮನಸ್ಸು ತಾನಾಗಿ ತಿಳಿಯುತ್ತದೆ. ದೀಪವಿಲ್ಲದೆ ನಡೆಯುವ ಮನುಷ್ಯ, ಅದರಲ್ಲೂ ಕಪ್ಪು ಕಂಬಳಿ ಹೊದ್ದವನು, ಆತನಿಗೆ ಕಾಣುವುದು ತೀರ ಹತ್ತಿರ ಬಂದಾಗ.

ಸ್ಕೈವಾಕ್ ಇರುವೆಡೆ ಅದನ್ನೇ ಹತ್ತಿರಿ. ಮಂಡಿ ನೋವಿನ ಅಜ್ಜಿಗೆ ಮೆಟ್ಟಿಲೇರು ಎನ್ನುವುದು ಹೇಳಿದಷ್ಟು ಸುಲಭವಲ್ಲ, ನಿಜ. ಆಕೆಯೊಡನೆ ಒಬ್ಬರು ಹೋಗಬೇಕು.

ಬೇರೆ ದಾರಿಯೇ ಇಲ್ಲದ ಕಡೆ ಹೀಗೆ ಮಾಡಿ. ಮೂರು ಸಾಲಿನ ರಸ್ತೆಯ ಅಗಲ ಸುಮಾರು ಹತ್ತೂವರೆ ಮೀಟರ್. ಹಾಲಿನ ಕ್ಯಾನು ಹಿಡಿದ ವೃದ್ಧರು ಸೆಕೆಂಡಿಗೆ ಒಂದು ಮೀಟರ್ ನಡೆದರೆ ಅಷ್ಟೇ ಸೆಕೆಂಡುಗಳು ಬೇಕು. ಅಷ್ಟರಲ್ಲಿ 80ರ ವೇಗದ ಕಾರು 230 ಮೀಟರ್ ಬಂದಿರುತ್ತದೆ. ಒಂದು ದಿನ ಹಗಲಿನಲ್ಲಿ, ನೀವು ದಾಟುವ ಜಾಗದಿಂದ ವಾಹನ ಬರುವ ದಿಕ್ಕಿಗೆ, ರಸ್ತೆಯ ಅಂಚಿನಾಚೆಯ ಮಣ್ಣಿನ ಮೇಲೆ 350 ಹೆಜ್ಜೆ ಎಣಿಸಿ. ಅದು ಸುಮಾರು 250 ಮೀಟರ್. ಅಲ್ಲಿರುವ ಮರವನ್ನೋ ಬೋರ್ಡನ್ನೋ ಗುರುತು ಮಾಡಿಕೊಳ್ಳಿ. ವಾಹನ ಆ ಗುರುತಿನಿಂದ ಈಚೆಗೆ ಬಂದಿದ್ದರೆ, ಅದು ಎಷ್ಟೇ ದೂರ, ಎಷ್ಟೇ ನಿಧಾನವೆಂದು ತೋರಿದರೂ, ಕಾಲು ಇಡಬೇಡಿ. ಮನೆಯ ಮಕ್ಕಳನ್ನು ಕರೆದೊಯ್ದು ಅದೇ ಗುರುತನ್ನು ತೋರಿಸಿಕೊಡಿ. ಕತ್ತಲಾದ ಮೇಲೆ ಗುರುತು ಕಾಣಿಸದು. ಆಗ ಅವರನ್ನು ಒಬ್ಬರೇ ದಾಟಲು ಬಿಡಬೇಡಿ.